ಅಂಗಡಿ, ಕಾಂಪ್ಲೆಕ್ಸಿಗೆ ನೀರು ನುಗ್ಗಿ ಇಳಿದ ಮೇಲೆ ಎಂತ ಮಾಡ್ಬೇಕು: ಕರಾವಳಿಯವರಿಗೆ

ಮೊದಲೇ ಹೇಳಿಬಿಡ್ತೇನೆ, ನಾನು ಇಂಜಿನಿಯರ್ ಅಲ್ಲ, ಮಂಗಳೂರಲ್ಲಿ ಅಂಗಡಿ, ಆಫೀಸು, ಕ್ಲಿನಿಕ್ಕು ಇಂಥದ್ರ ರಿಪೇರಿ ಕೆಲಸ ಹಿಡಿದು ಮಾಡಿಸುವವ. 2018ರ ಮೇ 29ಕ್ಕೆ ಒಂದೇ ದಿನದ ಮಳೆಗೆ ಕೊಟ್ಟಾರ ಚೌಕಿ, ಪಂಪ್‌ವೆಲ್ ಕಡೆಯೆಲ್ಲ ಹೊಳೆಯ ಹಾಗೆ ಆಗಿತ್ತಲ್ಲ, ಆವತ್ತಿಂದ ನನಗೆ ಈ ನೀರು ಹೊಕ್ಕ ಕಟ್ಟಡಗಳ ಕೆಲಸವೇ ಜಾಸ್ತಿ. 2020ರ ಸೆಪ್ಟೆಂಬರಲ್ಲಿ ಉಡುಪಿ ಮುಳುಗಿದಾಗ್ಲೂ ಅಲ್ಲಿ ಒಂದು ತಿಂಗಳು ಓಡಾಡಿದ್ದೇನೆ.

ಆ ಮೊದಲ ವರ್ಷ ನಾನೇ ಮಾಡಿದ ಒಂದು ಎಡವಟ್ಟಿಂದ ಶುರು ಮಾಡ್ತೇನೆ. ಒಂದು ಬಟ್ಟೆ ಅಂಗಡಿ, ಒಂದೂವರೆ ಅಡಿ ನೀರು, ನಿಂತದ್ದು ಒಂದು ರಾತ್ರಿ ಅಷ್ಟೇ. ಸಾಹುಕಾರ್ರು "ಶಾಲೆ ಶುರುವಾಗುವ ಟೈಮು, ಯೂನಿಫಾರ್ಮ್ ವ್ಯಾಪಾರ ಕೈ ತಪ್ತದೆ, ಬೇಗ ಮಾಡಿಕೊಡಿ ಮಾರಾಯ್ರೆ" ಅಂದ್ರು, ನಾನೂ ಹೂಂ ಅಂದೆ. ಹನ್ನೆರಡನೇ ದಿನಕ್ಕೆ ಪುಟ್ಟಿ ಎಳೆದು, ಪೇಂಟ್ ಹೊಡೆದು, ಗೋಡೆಗೆ ಹೊಸ ಪ್ಲೈ ಬಡಿದು ಕೀ ಕೊಟ್ಟಾಯ್ತು. ಚೌತಿ ಹೊತ್ತಿಗೆ ಫೋನ್ ಬಂತು. ಹೋಗಿ ನೋಡಿದ್ರೆ ಗೋಡೆಯಲ್ಲಿ ಅಂಗೈ ಅಗಲದ ಗುಳ್ಳೆಗಳು. ಹೆಬ್ಬೆರಳಲ್ಲಿ ಒತ್ತಿದೆ, ಪೇಂಟ್ ಹರಿದು ಒಳಗಿನ ಪುಟ್ಟಿ ಮೊಸರಿನ ಹಾಗೆ ಬೆರಳಿಗೆ ಅಂಟಿತು. ರ‍್ಯಾಕ್ ಹಿಂದಿನ ಪ್ಲೈ ಕಿತ್ತರೆ ಹಿಂದುಗಡೆ ಪೂರ್ತಿ ಕಪ್ಪು ಬೂಸ್ಟು, ಕೆಳಗಿನ ಸಾಲಲ್ಲಿ ಇಟ್ಟಿದ್ದ ಹೊಸ ಪ್ಯಾಂಟ್ ಪೀಸುಗಳ ಮೇಲೂ ಚುಕ್ಕೆ. ನನ್ನ ಖರ್ಚಲ್ಲೇ ಮತ್ತೊಮ್ಮೆ ಮಾಡಿಕೊಟ್ಟದ್ದು, ಆ ವರ್ಷ ಲಾಭ ಅಂತ ಎಂತದೂ ಉಳೀಲಿಲ್ಲ.

ಹಾಗಾಗಿ ನಾನು ಈಗ ಯಾರಿಗೇ ಆದ್ರೂ ಹೇಳುವುದು ಒಂದೇ, ನೀರು ಇಳಿದದ್ದು ಬೇರೆ, ಗೋಡೆ ಒಣಗಿದ್ದು ಬೇರೆ, ನಮ್ಮ ಊರಲ್ಲಿ ಅವೆರಡರ ಮಧ್ಯೆ ತಿಂಗಳುಗಟ್ಟಲೆ ಅಂತರ ಉಂಟು. ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ನೀರು ಹೊಕ್ಕರೆ ನಾಲ್ಕು ದಿನ ಕಿಟಕಿ ತೆರೆದಿಟ್ಟರೆ ಅರ್ಧ ಕೆಲಸ ಗಾಳಿಯೇ ಮಾಡ್ತದೆ. ಇಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ, ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಾಗ ಇದು.

ಒಳಗೆ ಕಾಲಿಡುವ ಮೊದಲು

ಕರೆಂಟ್. ಮೇನ್ ಸ್ವಿಚ್ಚೇ ನೀರಲ್ಲಿ ಇದ್ರೆ ಅಥವಾ ಅದನ್ನು ಮುಟ್ಲಿಕ್ಕೆ ನೀರಲ್ಲಿ ನಿಲ್ಲಬೇಕಾಗ್ತದೆ ಅಂತಾದ್ರೆ ನೀವು ಹೋಗ್ಲೇಬೇಡಿ, ಕರೆಂಟ್ ಕಂಪೆನಿ ಮೆಸ್ಕಾಂಗೆ ಫೋನ್ ಮಾಡಿ ಕಂಬದಲ್ಲೇ ಫ್ಯೂಸ್ ತೆಗೆಸಿ. ಏರಿಯಾದಲ್ಲಿ ಕರೆಂಟ್ ಇಲ್ಲ ಅಂತ ಧೈರ್ಯ ಮಾಡ್ಬೇಡಿ, ಪಕ್ಕದ ಅಂಗಡಿಯವರ ಜನರೇಟರು, ನಿಮ್ಮದೇ ಇನ್ವರ್ಟರು ಅಥವಾ ಯುಪಿಎಸ್ಸು, ಮೇಲಿನ ಸೋಲಾರ್ ಪ್ಯಾನೆಲ್ಲು, ಎಲ್ಲಿಂದ ಬೇಕಾದ್ರೂ ಲೈನಿಗೆ ಕರೆಂಟ್ ಬರಬಹುದು.

ಆಮೇಲೆ ಇಲಿ ಜ್ವರ. ನಮ್ಮ ಜಿಲ್ಲೆಗಳಲ್ಲಿ ಮಳೆಗಾಲಕ್ಕೆ ಇದು ಇದ್ದದ್ದೇ, ತೋಡಿನ (ಸಣ್ಣ ಹಳ್ಳ, ಚರಂಡಿ) ನೀರಿಗೆ ಇಲಿ ಮೂತ್ರ ಸೇರಿ ಕಾಲಿನ ಸಣ್ಣ ಗಾಯದಲ್ಲೇ ಒಳಗೆ ಹೋಗ್ತದೆ. ಕೆಲಸದವರಿಗೆ ಗಮ್‌ಬೂಟು, ರಬ್ಬರ್ ಗ್ಲೌಸ್ ಕೊಡಿಸಿ, ಕಾಲಲ್ಲಿ ಗಾಯ ಇದ್ದವರನ್ನು ಆ ದಿನ ಬೇರೆ ಕೆಲಸಕ್ಕೆ ಹಾಕಿ. ಮಾತ್ರೆ ಮೊದಲೇ ತೆಗೊಳ್ಬೇಕಾ ಅನ್ನುವುದು ಡಾಕ್ಟ್ರ ಹತ್ರ ಕೇಳುವ ವಿಷಯ, ಮೆಡಿಕಲ್ಲಲ್ಲಿ ನೀವೇ ಕೇಳಿ ನುಂಗುವುದಲ್ಲ. ಒಂದು ವಾರ, ಹತ್ತು ದಿನ ಬಿಟ್ಟು ಯಾರಿಗಾದ್ರೂ ಜ್ವರ, ಮೈಕೈ ನೋವು ಬಂದ್ರೆ "ನೀರಲ್ಲಿ ಕೆಲಸ ಮಾಡಿದ್ದೆ" ಅಂತ ಡಾಕ್ಟ್ರಿಗೆ ಹೇಳ್ಲಿಕ್ಕೆ ಹೇಳಿ, ಅದು ಹೇಳದಿದ್ರೆ ಅವರಿಗೂ ಮಾಮೂಲಿ ವೈರಲ್ ಅಂತಲೇ ಕಾಣ್ತದೆ.

ಹಾವು ಇರ್ತದೆ, ಶಟರ್ ಬಾಕ್ಸ್ ಒಳಗೆ, ರ‍್ಯಾಕ್ ಮೇಲೆ. ಟಾರ್ಚ್ ಹಾಕಿ ನೋಡಿಕೊಂಡೇ ಕೈ ಹಾಕಿ.

ಎಂತದೂ ಬಿಸಾಡ್ಬೇಡಿ, ಮೊದಲು ಫೋಟೋ

ಇನ್ಶೂರೆನ್ಸ್ ಇದ್ದವರು ಅದೇ ದಿನ ಕಂಪೆನಿಗೆ ತಿಳಿಸಿ, ಇಮೇಲ್ ಹಾಕಿ, ಬರಹದಲ್ಲಿ ಇರ್ಲಿ. ಫೈರ್ ಪಾಲಿಸಿ ಅಂತ ಹೆಸರಿದ್ರೂ ಬಿರುಗಾಳಿ, ಪ್ರವಾಹ ಅದರೊಳಗೇ ಸೇರಿರ್ತದೆ ಸಾಧಾರಣ, ತುಂಬ ಜನ ಬೆಂಕಿಗೆ ಮಾತ್ರ ಅಂದುಕೊಂಡು ಸುಮ್ಮನೆ ಕೂತ್ಕೊಳ್ತಾರೆ, ಪಾಲಿಸಿ ತೆಗೆದು ಓದಿ ನೋಡಿ. ಆದ್ರೆ ಟೆರೇಸ್ ಸೋರಿ ವರ್ಷಗಟ್ಟಲೆ ಪಸೆ ಹಿಡಿದದ್ದನ್ನು ಪ್ರವಾಹದ ಲೆಕ್ಕಕ್ಕೆ ಸೇರಿಸ್ಲಿಕ್ಕೆ ಹೋಗ್ಬೇಡಿ, ಇನ್ಶೂರೆನ್ಸಿನವರು ಕಳಿಸುವ ಸರ್ವೇಯರ್ ಬಂದು ಗೋಡೆ ನೋಡಿದ ಕೂಡ್ಲೇ ಗೊತ್ತಾಗ್ತದೆ, ನಿಜವಾದ ಕ್ಲೇಮಿನ ಮೇಲೂ ಸಂಶಯ ಬರ್ತದೆ.

ಫೋಟೋ ತೆಗೆಯುವಾಗ ಗೋಡೆಯ ನೀರಿನ ಗೆರೆಯ ಪಕ್ಕ ಅಳತೆ ಟೇಪ್ ಹಿಡಿದು ತೆಗೀರಿ. ಒದ್ದೆ ಮಾಲನ್ನು ಸರ್ವೇಯರ್ ನೋಡುವ ತನಕ ಒಂದು ಕಡೆ ಗುಡ್ಡೆ ಹಾಕಿ ಇಡಿ, ಕೊಳೆತು ನಾರುವಂಥದ್ದಾದ್ರೆ ಅವರಿಗೆ ಫೋನ್ ಮಾಡಿ ಒಪ್ಪಿಗೆ ತೆಗೊಂಡು, ಎಣಿಸಿ, ವಿಡಿಯೋ ಮಾಡಿ ಬಿಸಾಡಿ. ಮಾಲಿಗೆ ಕಮ್ಮಿ ಮೊತ್ತಕ್ಕೆ ಪಾಲಿಸಿ ಮಾಡಿಸಿದ್ರೆ ಪೆಟ್ಟು ಬೀಳುವುದು ಇಲ್ಲೇ. 40 ಲಕ್ಷದ ಮಾಲಿಗೆ 20 ಲಕ್ಷಕ್ಕೆ ಮಾಡಿಸಿ, 10 ಲಕ್ಷ ಹಾಳಾದ್ರೆ, 10 ಬರುವುದಿಲ್ಲ, ಅನುಪಾತದಲ್ಲಿ ಕಡಿದು ಸುಮಾರು 5 ಕೈಗೆ ಬರ್ತದೆ. ಇನ್ನೊಂದು, ಹಾಳಾದ ಮಾಲಿನ ಮೇಲೆ ತೆಗೊಂಡ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಮಾಲು ಕೊಳ್ಳುವಾಗ ಕಟ್ಟಿದ ತೆರಿಗೆಗೆ ಸಿಗುವ ವಜಾ) ವಾಪಸ್ ಕಟ್ಟಬೇಕಾಗ್ತದೆ, ಕ್ಲೇಮ್ ಹಾಕುವ ಮೊದಲೇ ನಿಮ್ಮ ಆಡಿಟರ್ ಹತ್ರ ಅದನ್ನು ಮಾತಾಡಿ.

ವಕೀಲರು, ಆಡಿಟರ್‌ಗಳ ಆಫೀಸಾದ್ರೆ ಒದ್ದೆ ಫೈಲುಗಳನ್ನು ಬಿಡಿಸ್ಲಿಕ್ಕೆ ಹೋಗ್ಬೇಡಿ, ಹರೀತದೆ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಫ್ರೀಜರಿಗೆ ಹಾಕಿ, ಮಂಜುಗಡ್ಡೆ ಕಟ್ಟಿದ ಕಾಗದಕ್ಕೆ ಬೂಸ್ಟು ಬರುವುದಿಲ್ಲ, ಆಮೇಲೆ ಸ್ವಲ್ಪ ಸ್ವಲ್ಪ ತೆಗೆದು ನಿಧಾನಕ್ಕೆ ಒಣಗಿಸಬಹುದು. ನಾವು ಒಬ್ಬರ ಹಳೆ ದಾಖಲೆಗಳನ್ನು ಮೀನುಗಾರಿಕೆ ಬಂದರಿನ ಧಕ್ಕೆ ಕಡೆ ಮೀನಿನ ಕೋಲ್ಡ್ ಸ್ಟೋರೇಜಲ್ಲಿ ಇಟ್ಟಿದ್ದೆವು, ಕಾಗದ ಉಳೀತು, ಆ ಆಫೀಸಲ್ಲಿ ಈಗ್ಲೂ ಕಪಾಟು ತೆರೆದ್ರೆ ಬಂಗುಡೆ ವಾಸನೆ ಅಂತ ತಮಾಷೆ ಮಾಡ್ತಾರೆ.

ಬೇಸ್‌ಮೆಂಟಿನ ನೀರು ಒಂದೇ ಸಲಕ್ಕೆ ಎಳೀಬೇಡಿ

ಇದು ಕೇಳಿದ್ರೆ ವಿಚಿತ್ರ ಅನ್ನಿಸ್ತದೆ. ಹೊರಗಡೆ ಮಣ್ಣು ನೀರು ಕುಡಿದು ಉಬ್ಬಿರ್ತದೆ, ಅದು ಗೋಡೆಯನ್ನು ಒಳಗೆ ದೂಡ್ತಾ ಇರ್ತದೆ, ಬೇಸ್‌ಮೆಂಟ್ ತುಂಬಿದ ನೀರು ಒಳಗಿಂದ ಅದಕ್ಕೆ ಎದುರು ನಿಂತಿರ್ತದೆ. ದೊಡ್ಡ ಪಂಪ್ ತಂದು ನಾಲ್ಕು ಗಂಟೆಯಲ್ಲಿ ಖಾಲಿ ಮಾಡಿದ್ರೆ ಒಳಗಿನ ಆಧಾರ ಹೋಗಿ ಗೋಡೆ ಬಿರುಕು ಬಿಡಬಹುದು, ನೆಲವೇ ಮೇಲೆ ಏಳಬಹುದು. ದಿನಕ್ಕೆ ಮೂರರಲ್ಲಿ ಒಂದು ಪಾಲು ಇಳಿಸಿ, ಗೋಡೆಗೆ ಚಾಕ್‌ಪೀಸಲ್ಲಿ ಗೆರೆ ಹಾಕಿ, ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ನೀರು ಗೆರೆ ದಾಟಿ ಮೇಲೆ ಬಂದಿದ್ರೆ ಹೊರಗಿನ ನೀರಿನ್ನೂ ಇಳೀಲಿಲ್ಲ ಅಂತ ಅರ್ಥ, ಒಂದು ದಿನ ಕಾಯಿರಿ. ಡೀಸೆಲ್ ಪಂಪನ್ನು ಯಾವ ಕಾರಣಕ್ಕೂ ಬೇಸ್‌ಮೆಂಟ್ ಒಳಗೆ ಇಳಿಸ್ಬೇಡಿ, ಅದರ ಹೊಗೆಗೆ ಜನ ಸತ್ತದ್ದುಂಟು. ಎಂಜಿನ್ ರಸ್ತೆಯಲ್ಲಿ, ಪೈಪ್ ಮಾತ್ರ ಒಳಗೆ.

ಕೆಸರನ್ನು ಹಸಿ ಇರುವಾಗಲೇ ತೊಳೀರಿ, ನಮ್ಮ ಕೆಂಪು ಮಣ್ಣು ಒಣಗಿದ್ರೆ ಟೈಲ್ಸಿನ ಸಂದಿಂದ ಹೋಗುವ ಜಾತಿಯಲ್ಲ. ನದಿ ಬಾಯಿಯ ಹತ್ರ, ಉಪ್ಪು ನೀರಿನ ಉಬ್ಬರ ಬರುವ ಕಡೆ ಆದ್ರೆ ಶಟರ್, ಗ್ರಿಲ್, ಬಾಗಿಲ ಚೌಕಟ್ಟು ಎಲ್ಲ ಒಳ್ಳೆ ಬಾವಿ ನೀರಲ್ಲಿ ಎರಡೆರಡು ಸಲ ತೊಳೆದ ಮೇಲೆಯೇ ಒಣಗ್ಲಿಕ್ಕೆ ಬಿಡಿ, ಇಲ್ಲದಿದ್ರೆ ಉಪ್ಪು ಅಲ್ಲೇ ಕೂತು ಆರು ತಿಂಗಳಲ್ಲಿ ಶಟರಿನ ಕೆಳಗಿನ ಪಟ್ಟಿ ತಿಂದು ಹಾಕ್ತದೆ.

ಕೀಳುವ ಕೆಲಸ

ಇಲ್ಲಿ ಮಾಲೀಕರಿಗೆ ಕರುಳು ಹಿಂಡಿದ ಹಾಗೆ ಆಗ್ತದೆ, ಆದ್ರೆ ದಾಕ್ಷಿಣ್ಯ ಮಾಡಿದ್ರೆ ಕೆಲಸ ಕೆಡ್ತದೆ. ಜಿಪ್ಸಂ ಪಾರ್ಟಿಷನ್ ಇದ್ರೆ ನೀರಿನ ಗೆರೆಗಿಂತ ಒಂದು ಅಡಿ ಮೇಲೆ ಕೊಯ್ದು ತೆಗೀರಿ, ನೀರು ಒಳಗೊಳಗೇ ಮೇಲೆ ಏರಿರ್ತದೆ. ತೋಡಿನ ನೀರಾದ್ರೆ ಒಳಗಿನ ಹತ್ತಿ ತರಹದ ಇನ್ಸುಲೇಷನ್ ಪೂರ್ತಿ ಹೊರಗೆ. ಎಂಡಿಎಫ್, ಪಾರ್ಟಿಕಲ್ ಬೋರ್ಡಿನ ಕೌಂಟರು ಉಬ್ಬಿದ್ರೆ ಮುಗೀತು, ಅದು ಒಣಗಿದ್ರೂ ಬಿಸ್ಕತ್ತಿನ ಹಾಗೆ ಉದುರ್ತದೆ. ಪ್ಲೈವುಡ್ಡಲ್ಲಿ ಎಂಆರ್ ಅಂತ ಸೀಲ್ ಇದ್ರೆ ಅದು ತೇವ ತಡೆಯುವ ಮಾಲು ಮಾತ್ರ, ನೀರಲ್ಲಿ ನಿಲ್ಲುವುದಕ್ಕಲ್ಲ, ಪದರ ಬಿಡ್ತದೆ. ಬಿಡಬ್ಲ್ಯೂಪಿ (ಕುದಿಯುವ ನೀರಿಗೂ ತಡೆಯುವ ಮಾಲು) ಅಥವಾ ಮರೈನ್ ಅಂತ ಇದ್ರೆ ಲ್ಯಾಮಿನೇಟ್ ಕಿತ್ತು ಒಣಗಿಸಿ ನೋಡಬಹುದು. ಹಲಸು, ತೇಗದ ಹಳೆ ಬಾಗಿಲಿದ್ರೆ ಬಿಸಾಡುವ ಮಾತೇ ಬೇಡ, ನೆರಳಲ್ಲಿ ಚಪ್ಪಟೆ ಮಲಗಿಸಿ ನಿಧಾನಕ್ಕೆ ಒಣಗಿಸಿ, ಬಿಸಿಲಿಗೆ ಹಾಕಿದ್ರೆ ಸೊಟ್ಟಗಾಗ್ತದೆ.

ಟೈಲ್ಸ್ ಚೆಂದ ಕಾಣ್ತಾ ಇದ್ರೂ ಗೋಡೆ ಬುಡಕ್ಕೆ ಅಂಟಿಸಿದ ಪಟ್ಟಿ, ಸ್ಕರ್ಟಿಂಗ್, ಕೀಳಲೇಬೇಕು, ಗೋಡೆ ಉಸಿರಾಡುವ ಬುಡವೇ ಅದು. ನೆಲದ ಟೈಲ್ಸನ್ನು ಒಂದು ರೂಪಾಯಿ ನಾಣ್ಯದಲ್ಲಿ ಬಡಿದು ಕೇಳಿ, ಟೊಳ್ಳು ಶಬ್ದ ಬಂದಲ್ಲಿ ಅಡಿಯ ಗಾರೆಯಲ್ಲಿ ನೀರು ನಿಂತಿರ್ಬಹುದು, ಒಂದು ಟೈಲ್ ಎಬ್ಬಿಸಿ ನೋಡಿ.

ಒಣಗಿಸುವುದು, ಇಲ್ಲೇ ಎಲ್ಲ ಇರುವುದು

ಎಲ್ಲರೂ ಮಾಡುವುದು ಎಂತ ಅಂದ್ರೆ ಶಟರ್ ಎತ್ತಿ, ಕಿಟಕಿ ತೆರೆದು, ನಾಲ್ಕು ಫ್ಯಾನ್ ಹಾಕಿ ಬಿಡುವುದು. ಮೊದಲ ಒಂದೆರಡು ದಿನ ಅದು ಸರಿಯೇ, ಒಳಗಿನ ಗಾಳಿ ಹೊರಗಿಗಿಂತ ಒದ್ದೆ ಇರ್ತದೆ, ಗಬ್ಬು ವಾಸನೆಯೂ ಹೋಗ್ತದೆ. ಆಮೇಲೂ ಹಾಗೇ ಬಿಟ್ಟರೆ ನೀವು ಒಣಗಿಸ್ತಾ ಇಲ್ಲ, ಹೊರಗಿನ ನೀರನ್ನು ಒಳಗೆ ತುಂಬಿಸ್ತಾ ಇದ್ದೀರಿ.

ಲೆಕ್ಕ ನೋಡಿ. ಮಳೆಗಾಲದಲ್ಲಿ ಹೊರಗೆ 27 ಡಿಗ್ರಿ, ಆರ್ದ್ರತೆ 90 ಪರ್ಸೆಂಟ್ ಅಂತ ಇಟ್ಕೊಳ್ಳಿ, ನಮಗದು ಮಾಮೂಲಿ. ಆಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರು ಇರ್ತದೆ. ಒಳಗೆ 24 ಡಿಗ್ರಿ, 50 ಪರ್ಸೆಂಟಿಗೆ ತಂದ್ರೆ ಅದು 11 ಗ್ರಾಂ. ಸಾವಿರ ಚದರಡಿ ಅಂಗಡಿ, ಹತ್ತಡಿ ಎತ್ತರ, ಅಂದ್ರೆ ಸುಮಾರು 283 ಘನ ಮೀಟರ್ ಗಾಳಿ. ಒಮ್ಮೆ ಶಟರ್ ಎತ್ತಿ ಒಳಗಿನ ಗಾಳಿ ಪೂರ್ತಿ ಬದಲಾದ್ರೆ ಹೆಚ್ಚುಕಮ್ಮಿ ಮೂರೂವರೆ ಲೀಟರ್ ನೀರು ಒಳಗೆ ಬಂದ ಹಾಗೆ. ಹುಡುಗರು ಚಾ ಕುಡೀಲಿಕ್ಕೆ ಅಂತ ದಿನಕ್ಕೆ ಹತ್ತು ಸಲ ಶಟರ್ ಎತ್ತಿ ಇಳಿಸಿದ್ರೆ ಎಷ್ಟಾಯ್ತು ನೀವೇ ನೋಡಿ.

ಹಾಗಾಗಿ ಮೂರನೇ ದಿನದಿಂದ ಮುಚ್ಚಿದ ಕೋಣೆ, ಒಳಗೆ ಡಿಹ್ಯೂಮಿಡಿಫೈಯರ್ (ಗಾಳಿಯಿಂದ ನೀರು ಎಳೆಯುವ ಮೆಷಿನು) ಮತ್ತು ಫ್ಯಾನ್. ಆನ್‌ಲೈನಲ್ಲಿ ಸಿಗುವ ಅಂಗೈ ಅಗಲದ ಮೆಷಿನು ಕಪಾಟಿಗೆ ಸಾಕು, ಅಂಗಡಿಗೆ ಅಲ್ಲ. ಸಾವಿರ ಚದರಡಿಗೆ ದಿನಕ್ಕೆ 50 ಲೀಟರ್ ಎಳೆಯುವಂಥದ್ದು ಎರಡು ಬೇಕು ಅಂತ ನಾನು ಲೆಕ್ಕ ಹಾಕುವುದು. ಡಬ್ಬದ ಮೇಲೆ ಬರೆದ ಲೀಟರ್ ಹೆಚ್ಚಾಗಿ 30 ಡಿಗ್ರಿ, 80 ಪರ್ಸೆಂಟಿಗೆ ಹೇಳಿದ್ದು, ಕೋಣೆ ಒಣಗ್ತಾ ಬಂದ ಹಾಗೆ ಅದು ಎಳೆಯುವುದೂ ಕಮ್ಮಿ ಆಗ್ತದೆ, ಮೆಷಿನ್ ಹಾಳಾಯ್ತು ಅಂತ ಗಾಬರಿ ಬೇಡ. ಅದರ ಬಕೆಟಿಗೆ ಪೈಪ್ ಸಿಕ್ಕಿಸಿ ನೇರ ಡ್ರೈನಿಗೆ ಬಿಡಿ, ಬಕೆಟ್ ತುಂಬಿ ರಾತ್ರಿ ಎರಡು ಗಂಟೆಗೆ ಮೆಷಿನ್ ನಿಂತರೆ ಬೆಳಿಗ್ಗೆ ತನಕ ಕೇಳುವವರಿಲ್ಲ. ಕೊಂಡುಕೊಳ್ಳುವುದು ಬೇಡ ಅಂದ್ರೆ ಎಸಿ ಸರ್ವಿಸಿನವರ ಹತ್ರ ಬಾಡಿಗೆಗೆ ವಿಚಾರಿಸಿ.

ಫ್ಯಾನನ್ನು ಗೋಡೆಗೆ ಎದುರು ನೇರ ಇಡುವುದಲ್ಲ, ಗಾಳಿ ಗೋಡೆಯ ಬುಡವನ್ನು ಸವರಿಕೊಂಡು ಹೋಗುವ ಹಾಗೆ ಓರೆಯಾಗಿ ಇಡಿ. ಆದ್ರೆ ಬೂಸ್ಟು ಕಣ್ಣಿಗೆ ಕಾಣ್ತಾ ಇದ್ರೆ ಅದನ್ನು ತೆಗೆಯುವ ಮೊದಲು ಫ್ಯಾನ್ ಹಾಕ್ಲೇಬೇಡಿ, ಇಡೀ ಅಂಗಡಿಗೆ ಬೀಜ ಬಿತ್ತಿದ ಹಾಗೆ ಆಗ್ತದೆ.

ಎಸಿ ಹಾಕಿ ಒಣಗಿಸಬಹುದಾ ಅಂತ ಎಲ್ಲರೂ ಕೇಳ್ತಾರೆ. ಹಾಕಬಹುದು, ಎಸಿಯೂ ನೀರು ಎಳೀತದೆ, ಔಟ್‌ಡೋರ್ ಯೂನಿಟ್ ಮುಳುಗಿರದಿದ್ರೆ. ಆದ್ರೆ 25, 26ರಲ್ಲಿ ಡ್ರೈ ಮೋಡಲ್ಲಿ ಇಡಿ. ಬೇಗ ಒಣಗ್ಲಿ ಅಂತ 18ಕ್ಕೆ ಇಟ್ಟರೆ ಗೋಡೆ ತಣ್ಣಗಾಗ್ತದೆ, ಹೊರಗಿನ ಆ 27 ಡಿಗ್ರಿ ಒದ್ದೆ ಗಾಳಿ 25 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದ್ರೂ ನೀರಾಗ್ತದೆ. ಫ್ರಿಜ್ಜಿಂದ ತೆಗೆದ ಸೋಡಾ ಬಾಟ್ಲಿ ಬೆವರುವುದು ನೋಡಿದ್ದೀರಲ್ಲ, ಅದೇ. ಬಾಗಿಲು ಸಂದಿ, ಫಾಲ್ಸ್ ಸೀಲಿಂಗಿನ ಮೇಲೆ, ಎಸಿ ಅಂಗಡಿಗೂ ಎಸಿ ಇಲ್ಲದ ಗೋಡೌನಿಗೂ ಮಧ್ಯದ ಗೋಡೆ, ಈ ಮೂರು ಕಡೆ ಮೊದಲು ಬೂಸ್ಟು ಬರುವುದು ಇದೇ ಕಾರಣಕ್ಕೆ.

ಒಂದು ಆರ್ದ್ರತೆ ಮೀಟರ್ ತೆಗೊಳ್ಳಿ, ಕೆಲವು ನೂರು ರೂಪಾಯಿ ಅಷ್ಟೇ. ಒಂದು ಒಳಗೆ, ಒಂದು ಹೊರಗೆ ಇದ್ರೆ ಇನ್ನೂ ಒಳ್ಳೇದು. ಒಳಗೆ 60ರ ಕೆಳಗೆ ಇಳಿಸಿ ಹಿಡಿದಿಡುವುದೇ ನಮ್ಮ ಗುರಿ.

ಗೋಡೆ ಒಣಗಿದ್ದು ಗೊತ್ತಾಗುವುದು ಹೇಗೆ? ಕೈಯಲ್ಲಿ ಮುಟ್ಟಿ ನೋಡಿ ಹೇಳುವ ಮೇಸ್ತ್ರಿಯನ್ನು ನಂಬಬೇಡಿ, ನಾನೂ ಹಾಗೇ ಮುಟ್ಟಿ ನೋಡಿಯೇ ಆ ಬಟ್ಟೆ ಅಂಗಡಿ ಹಾಳು ಮಾಡಿದ್ದು. ಗೋಡೆಯ ತೇವ ಅಳೆಯುವ ಎರಡು ಮೊಳೆಯ ಮಾಯಿಶ್ಚರ್ ಮೀಟರ್ ಸಿಗ್ತದೆ. ಅದು ತೋರಿಸುವ ನಂಬರನ್ನು ಹಾಗೇ ನಂಬುವುದಲ್ಲ, ಅದೇ ಕಟ್ಟಡದ ಮೊದಲ ಮಾಳಿಗೆಯಲ್ಲಿ, ನೀರು ಮುಟ್ಟದ ಅದೇ ತರದ ಗೋಡೆಯಲ್ಲಿ ಎಷ್ಟು ತೋರಿಸ್ತದೆ ನೋಡಿ ಬರೆದಿಡಿ, ಕೆಳಗಿನ ಗೋಡೆ ಅದರ ಹತ್ರ ಬರಬೇಕು. ಗೋಡೆಯಲ್ಲಿ ಉಪ್ಪು ಇದ್ರೆ ಮೀಟರ್ ಇದ್ದದ್ದಕ್ಕಿಂತ ಜಾಸ್ತಿ ತೋರಿಸ್ತದೆ, ಅದು ನೆನಪಿರ್ಲಿ. ಮೀಟರ್ ಇಲ್ಲದವರು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ಕನ್ನು ನೆಲಕ್ಕೋ ಗೋಡೆಗೋ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಸಂಜೆಯಿಂದ ಮರುದಿನ ಮಧ್ಯಾಹ್ನದ ತನಕ ಬಿಡಿ, ಒಳಗಡೆ ಮಂಜು ಕಟ್ಟಿದ್ರೆ ಅಥವಾ ಆ ಜಾಗ ಕಪ್ಪಾಗಿದ್ರೆ ಇನ್ನೂ ನೀರುಂಟು.

ಎಷ್ಟು ದಿನ ಬೇಕು? ಗೋಡೆಯ ದಪ್ಪ ಇಂಚಿಗೆ ಒಂದು ತಿಂಗಳು ಅಂತ ಒಂದು ಹಳೆ ಲೆಕ್ಕ ಉಂಟು. ಮೆಷಿನ್ ಇಟ್ಟು ಎರಡೂ ಕಡೆಯ ಸಾರಣೆ ಕಿತ್ತರೆ ಅದಕ್ಕಿಂತ ಬೇಗ ಆಗ್ತದೆ, ಆದ್ರೆ ವಾರದಲ್ಲಿ ಆಗ್ತದೆ ಅಂತ ಯಾರಾದ್ರೂ ಹೇಳಿದ್ರೆ ಅವರಿಗೆ ಬರೀ ಮೇಲಿನ ಸಿಪ್ಪೆ ಕಾಣುವುದು.

ಬೂಸ್ಟು

24ರಿಂದ 48 ಗಂಟೆಯೊಳಗೆ ಶುರುವಾಗ್ತದೆ, ಮುಗ್ಗಲು ವಾಸನೆ ಬಂತು ಅಂದ್ರೆ ಎಲ್ಲೋ ಬಂದಾಯ್ತು ಅಂತ ಅರ್ಥ. ಎನ್95 ಮಾಸ್ಕ್, ಗ್ಲೌಸ್, ಕನ್ನಡಕ ಹಾಕ್ಕೊಂಡೇ ಮುಟ್ಟಿ. ಒಣ ಹಿಡಿಸೂಡಿಯಲ್ಲಿ ಗುಡಿಸ್ಬೇಡಿ, ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೇ ಬಿಸಾಡಿ. ಗ್ಲಾಸು, ಟೈಲ್ಸು, ಸ್ಟೀಲಿಗೆ ಇಷ್ಟು ಸಾಕು. ಜಿಪ್ಸಂ, ಕಾರ್ಪೆಟ್, ಸೋಫಾದ ಫೋಮಿಗೆ ಬಂದದ್ದು ಹೋಗುವುದಿಲ್ಲ, ವಸ್ತುವೇ ಹೋಗಬೇಕು. ಬ್ಲೀಚಿಂಗ್ ಪೌಡರ್ ಬಳಿದು ಬಿಳಿ ಮಾಡಿ "ಹೋಯ್ತು" ಅಂತ ತೋರಿಸುವವರಿದ್ದಾರೆ, ಬಣ್ಣ ಹೋಗ್ತದೆ, ಒಳಗಿನ ಬೇರು ಹಾಗೇ ಇರ್ತದೆ. ಮತ್ತೆ ಬ್ಲೀಚಿಂಗ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಯಾವತ್ತೂ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ.

ಕೆಂಪುಕಲ್ಲಿನ ಗೋಡೆಗೆ ಬೇರೆಯೇ ಲೆಕ್ಕ

ನಮ್ಮ ಹಳೆ ಪೇಟೆಯ ಕಟ್ಟಡಗಳೆಲ್ಲ ಕೆಂಪುಕಲ್ಲು, ಕೆಲವು ಕಡೆ ಮುರಕಲ್ಲು ಅಂತಾರೆ. ಅದು ಸ್ಪಂಜು ಇದ್ದ ಹಾಗೆ, ಕುಡೀತದೆ, ಆದ್ರೆ ಬಿಟ್ಟುಕೊಡುವುದು ನಿಧಾನ. ಹಿಂದಿನವರು ಸುಣ್ಣದ ಗಾರೆ ಹಾಕಿ ಸುಣ್ಣ ಬಳೀತಿದ್ರು, ನೀರು ಆ ಸುಣ್ಣದ ಮೂಲಕವೇ ಹೊರಗೆ ಹೋಗ್ತಿತ್ತು. ಈಗ ಅದರ ಮೇಲೆ ಸಿಮೆಂಟ್ ಸಾರಣೆ, ಪುಟ್ಟಿ, ಪ್ಲಾಸ್ಟಿಕ್ ತರದ ಎಮಲ್ಷನ್, ಕೊನೆಗೆ ವಾಲ್‌ಪೇಪರ್. ನೀರು ಹೊರಗೆ ಬರ್ಲಿಕ್ಕೆ ದಾರಿ ಇಲ್ಲದೆ ಮೇಲೆ ಏರ್ತದೆ, ನೀರು ಹೊಕ್ಕದ್ದು ಒಂದೂವರೆ ಅಡಿ, ಮುಂದಿನ ವರ್ಷ ನೋಡಿದ್ರೆ ಪಸೆ ಮೂರಡಿಯಲ್ಲಿ.

ಮಾಡ್ಬೇಕಾದ್ದು, ನೀರಿನ ಗೆರೆಗಿಂತ ಒಂದೂವರೆ ಎರಡು ಅಡಿ ಮೇಲಿನ ತನಕ ಸಾರಣೆ ಕಿತ್ತು ಕಲ್ಲು ಕಾಣುವ ಹಾಗೆ ಬಿಡಿ. ಒಣಗ್ತಾ ಬರುವಾಗ ಬಿಳಿ ಉಪ್ಪು ಹತ್ತಿಯ ಹಾಗೆ ಹೊರಗೆ ಬರ್ತದೆ. ಅದನ್ನು ನೀರು ಹಾಕಿ ತೊಳೀಬೇಡಿ, ಕರಗಿ ವಾಪಸ್ ಒಳಗೆ ಹೋಗ್ತದೆ, ಒಣ ಬ್ರಶ್ಶಲ್ಲಿ ಉಜ್ಜಿ, ಕೆಳಗೆ ಪೇಪರ್ ಹಾಸಿ ಹಿಡಿದು ಹೊರಗೆ ಬಿಸಾಡಿ. ವಾರಕ್ಕೊಮ್ಮೆ ಹೀಗೆ, ಬರುವುದು ನಿಲ್ಲುವ ತನಕ. ಅಷ್ಟರ ತನಕ ಅಂಗಡಿ ಬಂದ್ ಮಾಡಿ ಕೂರ್ಲಿಕ್ಕೆ ಆಗುವುದಿಲ್ಲ, ನನಗೂ ಗೊತ್ತು. ಗೋಡೆ ಹಾಗೇ ಬಿಟ್ಟು ಅದಕ್ಕಿಂತ ಅರ್ಧ ಅಡಿ ಈಚೆಗೆ ರ‍್ಯಾಕ್ ನಿಲ್ಲಿಸಿ ವ್ಯಾಪಾರ ಮಾಡಿ. ಒಬ್ಬ ಹೋಟೆಲ್‌ನವರು ಕೆಂಪುಕಲ್ಲು ಕಾಣುವ ಗೋಡೆಯನ್ನು ಹಾಗೇ ಇಟ್ಟುಕೊಂಡ್ರು, ಈಗ ಗಿರಾಕಿಗಳು ಅದರ ಎದುರು ನಿಂತು ಫೋಟೋ ತೆಗೀತಾರೆ.

ಒಳಗಡೆಯಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆದ್ರೆ ಆಯ್ತಲ್ಲ ಅಂತ ಹಾರ್ಡ್‌ವೇರ್ ಅಂಗಡಿಯವರು ಹೇಳ್ತಾರೆ. ನೀರು ಗೋಡೆಯೊಳಗೇ ಇರುವಾಗ ಮುಚ್ಚಳ ಹಾಕಿದ ಹಾಗೆ ಅದು, ಮಾಡ್ಬೇಡಿ.

ಆರ್‌ಸಿಸಿ ಕಂಬ, ಬೀಮುಗಳಲ್ಲಿ ಕಂದು ಗೆರೆ, ಉದ್ದಕ್ಕೆ ಬಿರುಕು, ಸಿಮೆಂಟ್ ಉದುರಿ ಕಂಬಿ ಕಾಣುವುದು ಇದ್ರೆ ಅದು ಈ ವರ್ಷದ ನೀರಿಂದ ಆದದ್ದಲ್ಲ, ಸಮುದ್ರದ ಉಪ್ಪು ಗಾಳಿ ವರ್ಷಗಟ್ಟಲೆ ಕಂಬಿ ತಿಂದದ್ದು, ನೀರು ಅದನ್ನು ತೋರಿಸಿಕೊಟ್ಟಿತು ಅಷ್ಟೇ. ಮೇಲಿಂದ ಸಿಮೆಂಟ್ ಮೆತ್ತಿ ಮುಚ್ಚುವ ಕೆಲಸ ಬೇಡ. ಕಂಬಿಯ ಹಿಂದೆ ಬೆರಳು ಹೋಗುವಷ್ಟು ಒಡೆದು, ತುಕ್ಕು ಪೂರ್ತಿ ತೆಗೆದು, ಜಿಂಕ್ ಪ್ರೈಮರ್ ಬಳಿದು, ಪಾಲಿಮರ್ ಸೇರಿಸಿದ ಗಾರೆಯಲ್ಲಿ ತುಂಬಿಸ್ಬೇಕು. ಕಂಬಿ ತುಂಬ ಸಪೂರ ಆಗಿದ್ರೆ ಒಡೆಯುವ ಮೊದಲೇ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೀರಿ, ಕಂಬಕ್ಕೆ ಆಧಾರ ಕೊಡದೆ ಕೈ ಹಾಕುವ ಕೆಲಸ ಅಲ್ಲ ಅದು.

ವೈರು, ಲಿಫ್ಟು, ಸಂಪು

ಮುಳುಗಿದ ಬ್ರೇಕರುಗಳನ್ನು, ಅಂದ್ರೆ ಅಪಾಯ ಆದಾಗ ತಾನೇ ಕರೆಂಟ್ ಕಡಿಯುವ ಎಂಸಿಬಿ, ಆರ್‌ಸಿಸಿಬಿ ಒಣಗಿಸಿ ಮತ್ತೆ ಹಾಕುವುದು ಬೇಡ. ಹೊರಗಿಂದ ಸರಿ ಕಾಣ್ತದೆ, ಒಂದನ್ನು ಬಿಚ್ಚಿ ನೋಡಿದ್ದೆ, ಒಳಗೆ ಸ್ಪ್ರಿಂಗಿನ ಸುತ್ತ ಹಿಟ್ಟಿನ ಹಾಗೆ ನುಣ್ಣಗಿನ ಕೆಸರು ಕೂತಿತ್ತು, ಅದು ಬೇಕಾದಾಗ ಟ್ರಿಪ್ ಆಗ್ತದಾ? ವೈರನ್ನು ಎಲೆಕ್ಟ್ರಿಷಿಯನ್ ಹತ್ರ ಮೆಗ್ಗರ್ (ವೈರಿನ ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿಸಿ, 500 ವೋಲ್ಟಲ್ಲಿ ಒಂದು ಮೆಗಾ ಓಮಿಗಿಂತ ಕಮ್ಮಿ ಬಂದ ಲೈನ್ ಬದಲಾಯಿಸಿ. ಲಿಫ್ಟಿನ ಗುಂಡಿಯಲ್ಲಿ ನೀರಿದ್ದಷ್ಟು ದಿನ ಲಿಫ್ಟ್ ಮೇಲಿನ ಮಾಳಿಗೆಯಲ್ಲೇ ಇರ್ಲಿ, ಕಂಪೆನಿಯವರು ಬಂದು ನೋಡುವ ತನಕ ಯಾರೂ ಬಟನ್ ಒತ್ತುವುದು ಬೇಡ.

ಸಂಪಿಗೆ ತೋಡಿನ ನೀರು ಸೇರಿದ್ರೆ ಪೂರ್ತಿ ಖಾಲಿ ಮಾಡಿ, ಉಜ್ಜಿ ತೊಳೆದು, ಒಳ್ಳೆ ನೀರು ತುಂಬಿಸಿ, ಸಾವಿರ ಲೀಟರಿಗೆ ಸುಮಾರು 150 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಕಲಸಿ ಒಂದು ದಿನ ಬಿಡಿ. ಆ ನೀರನ್ನು ಮೇಲಿನ ಟ್ಯಾಂಕ್, ಪೈಪುಗಳಿಗೂ ಹರಿಸಿ ಆಮೇಲೆ ಪೂರ್ತಿ ಹೊರಗೆ ಬಿಡ್ಬೇಕು, ಕುಡೀಲಿಕ್ಕಲ್ಲ ಅದು. ಸಂಪಿಗೆ ಆಳು ಇಳಿಯುವುದಾದ್ರೆ ಮುಚ್ಚಳ ತುಂಬ ಹೊತ್ತು ತೆರೆದಿಟ್ಟು ಗಾಳಿ ಹಾಕಿ, ಮೇಲೆ ಒಬ್ಬ ಹಗ್ಗ ಹಿಡಿದು ನಿಂತಿರ್ಬೇಕು. ಒಬ್ಬನೇ ಯಾವತ್ತೂ ಬೇಡ.

ಮತ್ತೆ ಕಟ್ಟುವಾಗ

ಪೇಂಟ್, ಪುಟ್ಟಿ, ಇಂಟೀರಿಯರ್ ಎಲ್ಲ ಡಿಸೆಂಬರಿಂದ ಫೆಬ್ರವರಿಯೊಳಗೆ ಇಟ್ಕೊಳ್ಳಿ. ಆಟಿಯಲ್ಲಿ (ಜುಲೈ-ಆಗಸ್ಟ್) ಪೇಂಟ್ ಮಾಡಿಸಿದವರ ದುಡ್ಡು ಪೇಂಟರಿಗೂ ಪೇಂಟ್ ಕಂಪೆನಿಗೂ ಹೋಗುವುದು, ಗೋಡೆಗಲ್ಲ. ಸೋಣದಲ್ಲಿ (ಆಗಸ್ಟ್-ಸೆಪ್ಟೆಂಬರ್) ನಾಲ್ಕು ದಿನ ಬಿಸಿಲು ಬಿತ್ತು ಅಂತ ಮೋಸ ಹೋಗ್ಬೇಡಿ. ಹೊಸ ಸಿಮೆಂಟ್ ಸಾರಣೆಗೆ 28 ದಿನ ಕೊಡಿ, ಪಿಓಪಿ ಬದಲು ಬಿಳಿ ಸಿಮೆಂಟಿನ ಪುಟ್ಟಿ ಹಾಕಿ, ಕೆಂಪುಕಲ್ಲಿಗೆ ಸುಣ್ಣದ ಗಾರೆ ಮಾಡುವ ಮೇಸ್ತ್ರಿ ಸಿಕ್ಕಿದ್ರೆ ಬಿಡ್ಬೇಡಿ, ಅಂಥವರು ಕಮ್ಮಿ ಈಗ.

ಪಾರ್ಟಿಷನ್ ಕೆಳಗಿನ ನಾಲ್ಕಡಿ ಸಿಮೆಂಟ್ ಬೋರ್ಡ್ ಇರ್ಲಿ, ಜಿಪ್ಸಂ ಅದರ ಮೇಲೆ. ಪ್ಲಗ್ ಪಾಯಿಂಟ್ ನೀರಿನ ಗೆರೆಗಿಂತ ಎರಡಡಿ ಮೇಲೆ, ಡಿಬಿ ಬಾಕ್ಸ್ (ಎಂಸಿಬಿಗಳಿರುವ ಪೆಟ್ಟಿಗೆ) ಸಾಧ್ಯ ಆದ್ರೆ ಮೆಜನೈನಿಗೆ, ಅಂದ್ರೆ ಮಧ್ಯದ ಅಟ್ಟಕ್ಕೆ. ಡ್ರೈನೇಜ್ ಚೇಂಬರಿಗೆ ವಾಪಸ್ ಬರದ ಹಾಗೆ ವಾಲ್ವ್ ಹಾಕಿಸಿ, ಎಷ್ಟೋ ಅಂಗಡಿಗೆ ನೀರು ಬಾಗಿಲಿಂದ ಬರುವುದೇ ಅಲ್ಲ, ಟಾಯ್ಲೆಟಿಂದ ಮೇಲೆ ಬರುವುದು. ಪಶ್ಚಿಮಕ್ಕೆ ಮುಖ ಇರುವ ಗೋಡೆಗೆ ಎರಚಲು ನೇರ ಹೊಡೀತದೆ, ಹಿಂದೆ ತೆಂಗಿನ ಮಡಲಿನ ತಟ್ಟಿ ಕಟ್ತಿದ್ರು, ಈಗ ಶೀಟೋ ಟರ್ಪಾಲೋ ಎಂತಾದ್ರೂ ಸರಿ, ಪತ್ತನಾಜೆಯೊಳಗೆ (ಮೇ ಕೊನೆಯ ಹೊತ್ತು) ಕಟ್ಟಿ ಮುಗಿಸಿ. ಟೆರೇಸಿಗೆ ಟ್ರಸ್ ಹಾಕಿ ಶೀಟ್ ಹೊದೆಸಿದ್ರೆ ಕಟ್ಟಡ ಚೆಂದ ಕಾಣುವುದಿಲ್ಲ ಅಂತ ಆರ್ಕಿಟೆಕ್ಟುಗಳು ಮುಖ ಕಿವುಚ್ತಾರೆ, ಆ ಶೀಟಿನ ಅಡಿಯಲ್ಲಿ ಮಳೆಗಾಲಕ್ಕೆ ಸ್ಟಾಕ್ ಎತ್ತಿಡ್ಲಿಕ್ಕೆ ಜಾಗ ಸಿಗ್ತದೆ ಅನ್ನುವುದು ಅಂಗಡಿಯವರಿಗೆ ಗೊತ್ತುಂಟು.

ಕೊನೆಗೆ ಒಂದು ಕೆಲಸ, ಖರ್ಚಿಲ್ಲದ್ದು. ಪೇಂಟ್ ಹೊಡೆಯುವ ದಿನ ಪೇಂಟರ್ ಹತ್ರ ಹೇಳಿ ಬಾಗಿಲ ಹಿಂದೆ, ಯಾರಿಗೂ ಎದ್ದು ಕಾಣದ ಜಾಗದಲ್ಲಿ, ನೀರು ಎಲ್ಲಿ ತನಕ ಬಂದಿತ್ತೋ ಅಲ್ಲಿ ಒಂದು ಕೆಂಪು ಗೆರೆ ಎಳೆಸಿ ತಾರೀಕು ಬರೆಸಿ. ನಾನು ಹೇಳಿದ ಆ ಬಟ್ಟೆ ಅಂಗಡಿಯಲ್ಲಿ ಈಗ ಅಂಥ ಗೆರೆ ಎರಡುಂಟು, ಎರಡನೆಯದು ಮೊದಲಿನದಕ್ಕಿಂತ ನಾಲ್ಕು ಇಂಚು ಮೇಲೆ. ಆ ಸಲ ನೀರು ಇಳಿದ ಮೇಲೆ ಸಾಹುಕಾರ್ರು ಫೋನ್ ಮಾಡಿ ಹೇಳಿದ್ದು, "ಪ್ಲಗ್ಗಿಗೆ ನೀರು ಮುಟ್ಲಿಲ್ಲ ಮಾರಾಯ್ರೆ, ಪೇಂಟಿನ ವಿಷಯ ಜನವರಿಗೆ ಮಾತಾಡುವ."